ನೆಟ್‌ವರ್ಕ್ ನಿಲ್ಲಿಸದೆ ಸ್ಟ್ಯಾಕ್ ಸ್ವಿಚ್‌ಗಳಿಗೆ ಹೆಚ್ಚುವರಿ ಕೇಬಲ್ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಲವು ಸ್ವಿಚ್‌ಗಳನ್ನು ವಿಶೇಷ ಕೇಬಲ್ಲಿನಿಂದ ಸೇರಿಸಿ ಒಂದೇ ಸ್ವಿಚ್‌ನ ಹಾಗೆ ಓಡಿಸುವುದಕ್ಕೆ ಸ್ಟ್ಯಾಕ್ ಅನ್ನುತ್ತಾರೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗರಿಂದ ನನಗೆ ಪದೇ ಪದೇ ಒಂದೇ ಫೋನ್ ಬರುತ್ತದೆ. "ಅಣ್ಣಾ, ಒಂದು ಸ್ಟ್ಯಾಕ್ ಕೇಬಲ್ ಜಾಸ್ತಿ ಹಾಕೋಕೆ ಹೋದೆ, ಅರ್ಧ ಸ್ವಿಚ್ ರೀಲೋಡ್ ಆಗೋಯ್ತು." ವಿವರ ಕೇಳುತ್ತಾ ಹೋದರೆ ಪ್ರತಿ ಸಲವೂ ಕಥೆ ಹೆಚ್ಚುಕಡಿಮೆ ಅದೇ. ಹೊಸ ಕೇಬಲ್ ಹಾಕುವ ಮೊದಲು ಹಳೆಯದನ್ನು ಸ್ವಲ್ಪ ನೀಟಾಗಿ ಕೂರಿಸೋಣ ಅಂತ ಅದರ ಒಂದು ತುದಿ ಬಿಚ್ಚಿರುತ್ತಾರೆ.

ಹೊಸ ಕೇಬಲ್ ಹಾಕುವುದರಿಂದ ಸ್ಟ್ಯಾಕ್ ಬೀಳುವುದಿಲ್ಲ. ಹಳೆಯದನ್ನು ಬಿಚ್ಚುವುದರಿಂದ ಬೀಳುತ್ತದೆ. ಈ ಕೆಲಸದಲ್ಲಿ ಕೈಚಳಕಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಕೆಳಗೆ ಬರೆದಿರುವ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಸುಲಭ ಅನ್ನಿಸಿದ ಹಂತವನ್ನೂ ಹಾರಿಸಬೇಡಿ.

ಉದಾಹರಣೆಗೆ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ರ್‍ಯಾಕ್ ಇಟ್ಟುಕೊಳ್ಳೋಣ. ನಾಲ್ಕು ಸಿಸ್ಕೊ ಕ್ಯಾಟಲಿಸ್ಟ್ 9300 ಸ್ವಿಚ್. ವೇಬ್ರಿಜ್, ಆಫೀಸು, ಗೋಡೌನ್ ಕ್ಯಾಮೆರಾ ಎಲ್ಲವೂ ಅದರ ಮೇಲೆ. ಲಾರಿಗಳು ಸಾಲಾಗಿ ನಿಂತಿರುವಾಗ ವೇಬ್ರಿಜ್ ನಿಂತರೆ ಯಾರೂ ಸುಮ್ಮನಿರುವುದಿಲ್ಲ. ಕಮಾಂಡುಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಸ್ವಿಚ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಮೊದಲು ತಿಳಿಯಬೇಕಾದದ್ದು: ಸ್ಟ್ಯಾಕ್ ಯಾಕೆ ಒಡೆಯುತ್ತದೆ

ನಾಲ್ಕು ಸ್ವಿಚ್, ಮೂರು ಕೇಬಲ್. 1ರಿಂದ 2ಕ್ಕೆ, 2ರಿಂದ 3ಕ್ಕೆ, 3ರಿಂದ 4ಕ್ಕೆ. ಇದು ಸರಪಳಿ. ಕೆಲಸ ಚೆನ್ನಾಗಿಯೇ ನಡೆಯುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರೂ ಇದನ್ನು ಗಮನಿಸುವುದಿಲ್ಲ. 4ರಿಂದ ವಾಪಸ್ 1ಕ್ಕೆ ಇನ್ನೊಂದು ಕೇಬಲ್ ಹಾಕಿದರೆ ಅದು ಉಂಗುರ, ಅಂದರೆ ರಿಂಗ್. ರಿಂಗ್‌ನಲ್ಲಿ ಒಂದು ಕೇಬಲ್ ಹೋದರೂ ಡೇಟಾ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಸರಪಳಿಯಲ್ಲಿ ಹಾಗೆ ಸುತ್ತಿಬರಲು ದಾರಿ ಇಲ್ಲ.

ಸರಪಳಿಯ ಮಧ್ಯದ ಕೇಬಲ್ ಬಿಚ್ಚಿದರೆ ಸ್ಟ್ಯಾಕ್ ಎರಡು ಹೋಳಾಗುತ್ತದೆ. ಎರಡೂ ಹೋಳು ತಮ್ಮ ತಮ್ಮಲ್ಲೇ ಒಬ್ಬ ಆಕ್ಟಿವ್ ಅನ್ನು, ಅಂದರೆ ಉಳಿದವನ್ನು ನಡೆಸುವ ಮುಖ್ಯ ಸ್ವಿಚ್ಚನ್ನು, ಆರಿಸಿಕೊಳ್ಳುತ್ತವೆ. ಎರಡರಲ್ಲೂ ಅದೇ ಕಾನ್ಫಿಗರೇಶನ್, ಅದೇ ಮ್ಯಾನೇಜ್‌ಮೆಂಟ್ ಐಪಿ (ಸ್ವಿಚ್‌ಗೆ ಲಾಗಿನ್ ಆಗುವ ವಿಳಾಸ). ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ಹೋಗುವ ಬಾಗಿಲು) ಕೂಡ ಸ್ಟ್ಯಾಕ್ ಮೇಲೇ ಇದ್ದರೆ ಅದೂ ಎರಡೆರಡು. ಯಾವ ಕಂಪ್ಯೂಟರ್ ಯಾರ ಜೊತೆ ಮಾತಾಡುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಆಮೇಲೆ ಗಾಬರಿಯಲ್ಲಿ ಕೇಬಲ್ ವಾಪಸ್ ಚುಚ್ಚುತ್ತೀರಿ. ಎರಡು ಜೀವಂತ ಸ್ಟ್ಯಾಕ್ ಎದುರಾಗುತ್ತವೆ, ಮತ್ತೆ ಆಯ್ಕೆ ನಡೆಯುತ್ತದೆ, ಸೋತ ಕಡೆಯ ಸ್ವಿಚ್‌ಗಳೆಲ್ಲ ರೀಲೋಡ್ ಆಗುತ್ತವೆ. ಬಿಚ್ಚಿದಾಗ ಒಂದು ಪೆಟ್ಟು, ವಾಪಸ್ ಹಾಕಿದಾಗ ಇನ್ನೊಂದು. ಅವು ಬೂಟ್ ಆಗಿ ಏಳಲು ಹಲವು ನಿಮಿಷ ಬೇಕು.

ವಿರಾಜಪೇಟೆ ಹತ್ತಿರ ಒಂದು ಕಡೆ ನಾನೇ ಇದನ್ನು ಮಾಡಿದ್ದೇನೆ. 2 ಮತ್ತು 3ರ ನಡುವಿನ ಕೇಬಲ್ ಅಡ್ಡ ಬರುತ್ತಿತ್ತು. ವೆಲ್ಕ್ರೋ ಕಟ್ಟಲು ಹತ್ತು ಸೆಕೆಂಡ್ ಸಾಕು ಅಂತ ತೆಗೆದೆ. ಬಿಲ್ಲಿಂಗ್ ಕೌಂಟರ್ ಮುಂದೆ ಜನ ಕಾಯುತ್ತಾ ನಿಂತಿದ್ದು ಇವತ್ತಿಗೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ರಿಂಗ್ ಪೂರ್ತಿ ಆಗಿದೆ ಅಂತ ಪರದೆಯ ಮೇಲೆ ಕಾಣುವವರೆಗೆ ಓಡುತ್ತಿರುವ ಯಾವ ಸ್ಟ್ಯಾಕ್ ಕೇಬಲ್ಲಿಗೂ ಕೈ ಹಾಕಬೇಡಿ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ಮೊದಲು ಕೇಬಲ್. ಸ್ಟ್ಯಾಕ್ ಕೇಬಲ್ ಅಂದರೆ ಎಲ್ಲವೂ ಒಂದೇ ಅಲ್ಲ. 3850 ಮತ್ತು 9300ಕ್ಕೆ ಸ್ಟ್ಯಾಕ್-ಟಿ1 ಸಾಲಿನ ಕೇಬಲ್. 9300ಎಲ್‌ಗೆ ಟಿ3, 9200ಕ್ಕೆ ಟಿ4. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಬಂದ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಸ್ಸಿಗೆ, ಕೊರಿಯರ್‌ಗೆ ಹಾಕಿಸಿ ತರಿಸಬೇಕು. ಮಳೆಗಾಲದಲ್ಲಿ ಅದೂ ತಡ ಆಗುತ್ತದೆ. ಆರ್ಡರ್ ಮಾಡುವ ಮೊದಲೇ ಸ್ವಿಚ್‌ನ ಪೂರ್ತಿ ಮಾಡೆಲ್ ನಂಬರ್ ನೋಡಿಕೊಳ್ಳಿ.

ಉದ್ದ 50 ಸೆಂಟಿಮೀಟರ್, 1 ಮೀಟರ್, 3 ಮೀಟರ್ ಹೀಗೆ ಸಿಗುತ್ತದೆ. ಇಲ್ಲೇ ಜಾಸ್ತಿ ಜನ ಎಡವುವುದು. ಪಕ್ಕಪಕ್ಕದ ಸ್ವಿಚ್‌ಗಳಿಗೆ 50 ಸೆಂಟಿಮೀಟರ್ ಸಾಕಾಗಿತ್ತು, ಹಾಗಾಗಿ ಹೊಸದೂ ಅಷ್ಟೇ ಸಾಕು ಅಂದುಕೊಳ್ಳುತ್ತಾರೆ. ಆದರೆ ಹೊಸ ಕೇಬಲ್ ಕೆಳಗಿನ ಸ್ವಿಚ್‌ನಿಂದ ಮೇಲಿನ ಸ್ವಿಚ್‌ಗೆ ಹೋಗಬೇಕು. ನಾಲ್ಕು ಸ್ವಿಚ್, ಮಧ್ಯೆ ಒಂದೊಂದು ಯೂನಿಟ್ ಜಾಗ ಬಿಟ್ಟಿದ್ದರೆ ನೇರ ಅಂತರವೇ ಸುಮಾರು 27 ಸೆಂಟಿಮೀಟರ್. ಅದರ ಮೇಲೆ ಎರಡೂ ತುದಿಯ ತಿರುವು, ಪಕ್ಕದಲ್ಲಿ ಸುತ್ತಿಕೊಂಡು ಹೋಗುವ ದಾರಿ. ಈ ಕೇಬಲ್ ದಪ್ಪ, ಸುಲಭಕ್ಕೆ ಬಗ್ಗುವುದಿಲ್ಲ. ಎಳೆದು ಬಿಗಿದರೆ ಕನೆಕ್ಟರ್ ಮೇಲೆ ಭಾರ ಬೀಳುತ್ತದೆ. ಇಂಥ ಕಡೆ 1 ಮೀಟರ್ ತರಿಸಿ. ದಾರದಿಂದ ನಿಜವಾದ ದಾರಿಯಲ್ಲೇ ಅಳೆದು ನೋಡಿ, ಕಣ್ಣಂದಾಜು ಬೇಡ.

ಉಳಿದದ್ದು: ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪನ್ನು ನೇರ ಸ್ವಿಚ್‌ಗೆ ಸೇರಿಸಿ ಕಮಾಂಡ್ ಕೊಡಲು), ಚಾರ್ಜ್ ಆಗಿರುವ ಲ್ಯಾಪ್‌ಟಾಪ್, ಟಾರ್ಚು, ಮೆತ್ತನೆ ಒಣ ಬ್ರಷ್, ಕೆಂಪು ಇನ್ಸುಲೇಶನ್ ಟೇಪು, ಲೇಬಲ್, ಒಂದು ಪೆನ್ನು. ಕಮಾಂಡುಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ನಮ್ಮ ಕಡೆ ಎಷ್ಟೋ ಸರ್ವರ್ ರೂಮ್ ಒಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಫೋನ್‌ನಲ್ಲಿ ನೋಡಿಕೊಳ್ಳುತ್ತೇನೆ ಅಂತ ಹೋದರೆ ಬೇಕಾದ ಹೊತ್ತಿಗೆ ಪುಟ ತೆರೆಯುವುದೇ ಇಲ್ಲ.

ಹಂತ 2: ಯಾವುದು ಯಾವ ಸ್ವಿಚ್ ಅಂತ ಖಚಿತ ಮಾಡಿ

ಮೇಲಿನದು ಸ್ವಿಚ್ 1, ಕೆಳಗಿನದು ಸ್ವಿಚ್ 4 ಅಂತ ಊಹಿಸಬೇಡಿ. ಮಧ್ಯದಲ್ಲಿ ಯಾರೋ ಒಂದು ಬದಲಾಯಿಸಿದ್ದರೆ ನಂಬರು ಅದಲುಬದಲಾಗಿರುತ್ತದೆ.

'ಶೋ ಇನ್ವೆಂಟರಿ' ಕೊಟ್ಟು ಒಂದೊಂದರ ಸೀರಿಯಲ್ ನಂಬರ್ ಬರೆದುಕೊಳ್ಳಿ, ಪೆಟ್ಟಿಗೆಯ ಮೇಲಿನ ಸೀರಿಯಲ್ ಜೊತೆ ತಾಳೆ ನೋಡಿ. ಇನ್ನೊಂದು ದಾರಿ, ಮುಂಭಾಗದ ಮೋಡ್ ಬಟನ್ ಒತ್ತುತ್ತಾ ಸ್ಟ್ಯಾಕ್ ದೀಪಕ್ಕೆ ತರುವುದು. ಆಗ ಮಿಣುಕುವ ಪೋರ್ಟ್ ದೀಪದ ಸಂಖ್ಯೆಯೇ ಆ ಸ್ವಿಚ್‌ನ ನಂಬರು. ಆದರೆ ಬಟನ್ ಒತ್ತಿ ತಕ್ಷಣ ಬಿಡಿ. ಹಲವು ಹಳೆಯ ಮಾದರಿಗಳಲ್ಲಿ ಅದನ್ನು ಒತ್ತಿಯೇ ಹಿಡಿದರೆ ಕಾನ್ಫಿಗರೇಶನ್ ಅಳಿಸಿ ಸ್ವಿಚ್ ರೀಬೂಟ್ ಆಗುತ್ತದೆ. ನನಗಂತೂ ಸೀರಿಯಲ್ ನಂಬರಿನ ದಾರಿಯೇ ಇಷ್ಟ.

ಈಗ ಹಿಂಭಾಗಕ್ಕೆ ಹೋಗಿ. ಪ್ರತಿ ಸ್ವಿಚ್‌ಗೂ ಎರಡು ಸ್ಟ್ಯಾಕ್ ಪೋರ್ಟ್, 1 ಮತ್ತು 2. 9300ರಲ್ಲಿ ಪಕ್ಕದಲ್ಲೇ ಸ್ಟ್ಯಾಕ್‌ಪವರ್ ಪೋರ್ಟ್ ಕೂಡ ಇರುತ್ತದೆ. ಅದು ಕರೆಂಟು ಹಂಚಿಕೊಳ್ಳಲು, ಡೇಟಾಕ್ಕಲ್ಲ. ಅದರ ಕೇಬಲ್ಲೂ ಬೇರೆ. ಅಲ್ಲಿ ಎರಡು ಕೇಬಲ್ ಕಂಡು "ರಿಂಗ್ ಆಗಲೇ ಇದೆ" ಅಂತ ತಿಳಿದವರನ್ನು ನೋಡಿದ್ದೇನೆ.

ಕಾಗದದ ಮೇಲೆ ನಾಲ್ಕು ಚೌಕ ಬರೆದು ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ ಕೇಬಲ್ ಹೋಗಿದೆ ಅಂತ ಗೆರೆ ಎಳೆಯಿರಿ. ಕೇಬಲ್ಲನ್ನು ಎಳೆದು ನೋಡಬೇಡಿ, ಕಣ್ಣಲ್ಲೇ ಹಿಂಬಾಲಿಸಿ. ನಮ್ಮ ಉದಾಹರಣೆಯಲ್ಲಿ ಸ್ವಿಚ್ 1ರ ಪೋರ್ಟ್ 2 ಮತ್ತು ಸ್ವಿಚ್ 4ರ ಪೋರ್ಟ್ 1 ಖಾಲಿ. ಹೊಸ ಕೇಬಲ್ ಬರಬೇಕಾದದ್ದು ಈ ಎರಡರ ನಡುವೆ.

ಹಂತ 3: ಈಗಿನ ಸ್ಥಿತಿ ದಾಖಲಿಸಿ

ಕನ್ಸೋಲ್ ಹಾಕಿ. 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ. ಟರ್ಮಿನಲ್ ಪ್ರೋಗ್ರಾಂನಲ್ಲಿ ಲಾಗ್ ಫೈಲ್ ಶುರು ಮಾಡಿ. ಇಲ್ಲಿಂದ ಮುಂದೆ ಪರದೆಯಲ್ಲಿ ಬಂದದ್ದೆಲ್ಲ ಉಳಿಯಬೇಕು.

'ಶೋ ಸ್ವಿಚ್' ಕೊಡಿ. ನಾಲ್ಕೂ ಸಾಲಿನಲ್ಲಿ ಸ್ಥಿತಿ 'ರೆಡಿ' ಇರಬೇಕು. ಯಾವುದಾದರೂ ಒಂದು 'ವರ್ಶನ್ ಮಿಸ್‌ಮ್ಯಾಚ್' ಅಥವಾ 'ರಿಮೂವ್ಡ್' ಅಂತ ತೋರಿಸಿದರೆ ಇವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿ ಮಾಡಿ. ಕಾಯಿಲೆ ಇರುವ ಸ್ಟ್ಯಾಕ್ ಮೇಲೆ ಹೊಸ ಕೇಬಲ್ ಹಾಕಿದರೆ ಆಮೇಲೆ ತಪ್ಪು ಯಾವುದರದ್ದು ಅಂತ ಹೇಳಲು ಆಗುವುದಿಲ್ಲ.

'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್' ಕೊಟ್ಟರೆ ಸ್ವಿಚ್ 1ಕ್ಕೆ 'ಓಕೆ, ಡೌನ್', 2 ಮತ್ತು 3ಕ್ಕೆ 'ಓಕೆ, ಓಕೆ', 4ಕ್ಕೆ 'ಡೌನ್, ಓಕೆ' ಬರಬೇಕು. ಕಾಗದದ ಮೇಲಿನ ಚಿತ್ರಕ್ಕೂ ಇದಕ್ಕೂ ಹೊಂದಬೇಕು. ಹೊಂದದಿದ್ದರೆ ಚಿತ್ರ ತಪ್ಪು. ಕೇಬಲ್ ಇರುವ ಪೋರ್ಟಿನಲ್ಲೇ 'ಡೌನ್' ಕಂಡರೆ ಇನ್ನೂ ಹುಷಾರು. ಮಧ್ಯದ ಒಂದು ಕೇಬಲ್ ಆಗಲೇ ಸತ್ತಿದ್ದು ಸ್ಟ್ಯಾಕ್ ಬೇರೆ ದಾರಿಯಲ್ಲಿ ನಿಂತಿರಬಹುದು.

ಕೊನೆಗೆ 'ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್'. ರಿಂಗ್ ಕಾನ್ಫಿಗರೇಶನ್ ಮುಂದೆ 'ಹಾಫ್' ಇರುತ್ತದೆ. ಅದು 'ಫುಲ್' ಆಗಬೇಕು, ನಮ್ಮ ಗುರಿ ಇದೇ. 9300ರ 480 ಗಿಗಾಬಿಟ್ ಲೆಕ್ಕ ರಿಂಗ್ ಪೂರ್ತಿ ಇದ್ದಾಗ ಮಾತ್ರ, ಹಾಫ್‌ನಲ್ಲಿ ಅದು ಅರ್ಧ.

ಆಮೇಲೆ ರನ್ನಿಂಗ್ ಕಾನ್ಫಿಗ್ (ಈಗ ಓಡುತ್ತಿರುವ ಸೆಟ್ಟಿಂಗ್‌ಗಳು) ಸೇವ್ ಮಾಡಿ, ಒಂದು ಪ್ರತಿ ಲ್ಯಾಪ್‌ಟಾಪ್‌ಗೂ ತೆಗೆಯಿರಿ. ಆಕ್ಟಿವ್ ಸ್ವಿಚ್‌ನ ಪ್ರಯಾರಿಟಿ (ಆಯ್ಕೆಯಲ್ಲಿ ಯಾರು ಗೆಲ್ಲಬೇಕು ಅನ್ನುವ ಅಂಕಿ, ದೊಡ್ಡದು ಗೆಲ್ಲುತ್ತದೆ) 15, ಅದರ ನಂತರದ್ದು 14 ಇದೆಯಾ ನೋಡಿ. ಎಲ್ಲವೂ 1 ಇದ್ದರೆ ಈಗಲೇ ಬದಲಾಯಿಸಿ. 9300ರಲ್ಲಿ ಇದನ್ನು ಎನೇಬಲ್ ಮೋಡ್‌ನಲ್ಲೇ ಕೊಡಬೇಕು, ಹಳೆಯ 3750ರಲ್ಲಿ ಕಾನ್ಫಿಗ್ ಮೋಡ್‌ನಲ್ಲಿ. ಇದು ಮುಂದಿನ ಆಯ್ಕೆಯ ಹೊತ್ತಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಈಗ ಏನೂ ಅಲುಗಾಡುವುದಿಲ್ಲ.

ಹಂತ 4: ಹೊತ್ತು ಆರಿಸಿ, ಪಿಂಗ್ ಶುರು ಮಾಡಿ

ನೆಟ್‌ವರ್ಕ್ ನಿಲ್ಲುವುದಿಲ್ಲ ಅಂತ ಗೊತ್ತಿದ್ದರೂ ನಿಂತರೆ ತೊಂದರೆ ಕಡಿಮೆ ಇರುವ ಹೊತ್ತು ಆರಿಸಿ. ಕ್ಯೂರಿಂಗ್ ವರ್ಕ್ಸ್ ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸದ ಒತ್ತಡ ಜಾಸ್ತಿ. ರೆಸಾರ್ಟ್ ಆದರೆ ಶನಿವಾರ, ಭಾನುವಾರ ಬೇಡ. ಹುತ್ತರಿ ಹಬ್ಬದ ಹಿಂದಿನ ದಿನ ಇಟ್ಟುಕೊಳ್ಳಬೇಡಿ, ಏನಾದರೂ ಆದರೆ ಸಹಾಯಕ್ಕೆ ಒಬ್ಬರೂ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿಸುತ್ತಿರುವಾಗ ರ್‍ಯಾಕ್ ಹಿಂದೆ ಕೈ ಹಾಕಲೇಬೇಡಿ. ಜೂನ್ ನಂತರ ಕರೆಂಟು ಹೋಗಿಬಂದು ಮಾಡುತ್ತಿದ್ದರೆ ಮೊದಲು ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ನೋಡಿ.

ಒಂದು ಲ್ಯಾಪ್‌ಟಾಪನ್ನು ಸ್ವಿಚ್ 1ಕ್ಕೆ, ಇನ್ನೊಂದನ್ನು ಸ್ವಿಚ್ 4ಕ್ಕೆ ಸೇರಿಸಿ. ಎರಡರಿಂದಲೂ ಗೇಟ್‌ವೇಗೆ ನಿಲ್ಲದ ಪಿಂಗ್ (ಉತ್ತರ ಬರುತ್ತಿದೆಯಾ ಅಂತ ಕೇಳುತ್ತಲೇ ಇರುವ ಸಂದೇಶ) ಬಿಡಿ, ಒಂದರಿಂದ ಇನ್ನೊಂದಕ್ಕೂ ಬಿಡಿ. ಆ ಮೂರನೆಯ ಪಿಂಗ್ ಮುಖ್ಯ. ಅದು ಇಡೀ ಸ್ಟ್ಯಾಕ್ ದಾಟಿ ಹೋಗುವುದರಿಂದ ಎಲ್ಲಿ ತೊಡಕಾದರೂ ಮೊದಲು ಅಲ್ಲೇ ಗೊತ್ತಾಗುತ್ತದೆ.

ವೇಬ್ರಿಜ್‌ನಲ್ಲಿ ಕೂತವರಿಗೂ ಒಂದು ಮಾತು ಹೇಳಿ ಬನ್ನಿ. "ಅರ್ಧ ಗಂಟೆ ಕೆಲಸ ಇದೆ. ಪರದೆ ಏನಾದರೂ ನಿಂತರೆ ತಕ್ಷಣ ಕೂಗಿ." ಯಂತ್ರ ತೋರಿಸುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

ಹಂತ 5: ಕೇಬಲ್ ಹಾಕುವುದು

ಪ್ಯಾಕೆಟ್ ಬಿಚ್ಚುವ ಮೊದಲು ಕೇಬಲ್ ಅರ್ಧ ಗಂಟೆ ಸರ್ವರ್ ರೂಮಿನಲ್ಲೇ ಇರಲಿ. ಮಡಿಕೇರಿಯ ಜುಲೈ ಚಳಿಯಲ್ಲಿ ಜೀಪಿನಲ್ಲಿದ್ದ ಕೇಬಲ್ಲನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಲೋಹದ ಮೇಲೆ ತೇವ ಕೂರುತ್ತದೆ.

ಹೊಸ ಕೇಬಲ್ಲಿನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ. ಇದನ್ನು ಮರೆಯಬೇಡಿ. ಏನಾದರೂ ಸರಿಬರದೆ ವಾಪಸ್ ತೆಗೆಯಬೇಕಾದರೆ ಕತ್ತಲಲ್ಲಿ ಕೈ ಹಳೆಯ ಕೇಬಲ್ಲಿಗೆ ಹೋಗಬಾರದು. ಕೆಂಪು ಇರುವುದನ್ನು ಮಾತ್ರ ಮುಟ್ಟುತ್ತೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಖಾಲಿ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪಾರ್ಚ್‌ಮೆಂಟ್ ಕಾಫಿಯ ಹೊಟ್ಟು ಎಲ್ಲಿಗೆ ಬೇಕಾದರೂ ಹೋಗುತ್ತದೆ. ತೆಳ್ಳಗೆ, ಒಣ ಈರುಳ್ಳಿ ಸಿಪ್ಪೆಯ ಹಾಗೆ, ಬೆಳಕಿಗೆ ಹಳದಿಯಾಗಿ ಹೊಳೆಯುತ್ತದೆ. ಒಂದು ಚೂರು ಕನೆಕ್ಟರ್ ಹಲ್ಲುಗಳ ನಡುವೆ ಕೂತಿದ್ದರೂ ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ. ಬ್ರಷ್‌ನಿಂದ ಹೊರಗೆ ಎಳೆಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ.

ಮೊದಲು ಸ್ವಿಚ್ 4ರ ಪೋರ್ಟ್ 1. ಕನೆಕ್ಟರ್ ಮೇಲಿನ ಸಿಸ್ಕೊ ಗುರುತು ಮೇಲ್ಮುಖವಾಗಿರಲಿ. ನೇರವಾಗಿ ಒತ್ತಿ, ಅಡ್ಡಾದಿಡ್ಡಿ ಅಲ್ಲಾಡಿಸಬೇಡಿ. ಪೂರ್ತಿ ಕೂತ ಮೇಲೆ ಎರಡೂ ಪಕ್ಕದ ಸ್ಕ್ರೂಗಳನ್ನು ಬೆರಳಲ್ಲಿ ಬಿಗಿ ಮಾಡಿ. ಒಂದನ್ನು ಪೂರ್ತಿ ತಿರುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಹಾಗೆ ಮಾಡಿದರೆ ಕನೆಕ್ಟರ್ ಒಂದು ಕಡೆ ವಾಲಿ ಕೂರುತ್ತದೆ. ಎಡಗಡೆ ಸ್ಕ್ರೂಗೆ ಎರಡು ಸುತ್ತು, ಬಲಗಡೆಯದಕ್ಕೆ ಎರಡು ಸುತ್ತು, ಹೀಗೆ. ಸ್ಕ್ರೂಡ್ರೈವರ್ ಬೇಡ.

ಒಂದು ತುದಿ ಮಾತ್ರ ಹಾಕಿದಾಗ ಏನೂ ಆಗುವುದಿಲ್ಲ. ಇಲ್ಲಿ ನಿಂತು ಪಿಂಗ್ ನೋಡಿ. ಆಮೇಲೆ ಕೇಬಲ್ಲನ್ನು ಪಕ್ಕದಿಂದ ಮೇಲಕ್ಕೆ ತನ್ನಿ. ಹಳೆಯ ಕೇಬಲ್‌ಗಳ ಹಿಂದೆ ತೂರಿಸಬೇಡಿ, ಎಳೆದಾಗ ಅವೂ ಬರುತ್ತವೆ. ಹೊರಗಿನಿಂದ ಸುತ್ತಿ ಬರಲಿ, ನೋಡಲು ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಸ್ವಿಚ್ 1ರ ಪೋರ್ಟ್ 2ಕ್ಕೆ ಅದೇ ರೀತಿ ಹಾಕಿ, ಸ್ಕ್ರೂ ಬಿಗಿ ಮಾಡಿ.

ಇದೆಲ್ಲ ಓಡುತ್ತಿರುವ ಒಂದೇ ಸ್ಟ್ಯಾಕಿನ ಎರಡು ತುದಿ ಸೇರಿಸುವ ಮಾತು. ಹೊಸ ಸ್ವಿಚ್ ಸೇರಿಸುವುದು ಬೇರೆ ಕೆಲಸ. ಹೊಸ ಸ್ವಿಚ್‌ನ ಪವರ್ ಆಫ್ ಇರುವಾಗಲೇ ಕೇಬಲ್ ಹಾಕಿ, ಆಮೇಲೆ ಆನ್ ಮಾಡಬೇಕು. ಆನ್ ಆಗಿರುವ ಸ್ವಿಚ್ಚನ್ನು ತಂದು ಚುಚ್ಚಿದರೆ ಅದೂ ಒಂದು ಸ್ಟ್ಯಾಕ್ ಅಂತಲೇ ಲೆಕ್ಕ. ಆಯ್ಕೆಯಲ್ಲಿ ಅದೇ ಗೆದ್ದರೆ ನಿಮ್ಮ ನಾಲ್ಕೂ ಸ್ವಿಚ್ ರೀಲೋಡ್ ಆಗಿ ಅದರ ಖಾಲಿ ಕಾನ್ಫಿಗರೇಶನ್ ಹೊತ್ತು ಏಳುತ್ತವೆ.

ಮಾಮೂಲಿ ಈಥರ್ನೆಟ್ ಪೋರ್ಟನ್ನೇ ಸ್ಟ್ಯಾಕಿಂಗ್‌ಗೆ ಬಳಸುವ ಸ್ವಿಚ್‌ಗಳೂ ಇವೆ. ಅರುಬಾ 2930ಎಫ್ ಅಂಥದ್ದು. ಅಲ್ಲಿ ಕೇಬಲ್ ಚುಚ್ಚುವ ಮೊದಲು ಆ ಪೋರ್ಟುಗಳನ್ನು ಸ್ಟ್ಯಾಕ್ ಲಿಂಕ್ ಅಂತ ಕಾನ್ಫಿಗರ್ ಮಾಡಿರಬೇಕು. ಇಲ್ಲದಿದ್ದರೆ ಅದು ಬರೀ ಲೂಪ್, ಡೇಟಾ ಸುತ್ತುತ್ತಲೇ ಇದ್ದು ನೆಟ್‌ವರ್ಕ್ ಕಟ್ಟಿಹೋಗುತ್ತದೆ.

ಹಂತ 6: ಕೂತಿದೆಯಾ ನೋಡಿ

ಲಾಗ್‌ನಲ್ಲಿ ಸ್ಟ್ಯಾಕ್ ಪೋರ್ಟ್ ಅಪ್ ಆದ ಸಾಲುಗಳು ಬರಬೇಕು, ಒಂದು ಸ್ವಿಚ್ 1ರದ್ದು, ಒಂದು ಸ್ವಿಚ್ 4ರದ್ದು. 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್' ಕೊಟ್ಟರೆ ಎಂಟೂ ಕಡೆ 'ಓಕೆ'. ರಿಂಗ್ ಸ್ಪೀಡ್ ಕಮಾಂಡಿನಲ್ಲಿ 'ಫುಲ್'.

ಇಷ್ಟಕ್ಕೇ ಎದ್ದು ಹೋಗಬೇಡಿ. 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್ ಸಮರಿ' ಕೊಡಿ. ಅದರಲ್ಲಿ ಕೇಬಲ್ ಉದ್ದ, ನೆರೆಯ ಸ್ವಿಚ್, ಲಿಂಕ್ ಓಕೆ, ಸಿಂಕ್ ಓಕೆ ಕಾಲಂಗಳ ಜೊತೆ ಲಿಂಕ್ ಎಷ್ಟು ಸಲ ಬದಲಾಗಿದೆ ಅನ್ನುವ ಕಾಲಂ ಇದೆ. ನಾನು ಮೊದಲು ನೋಡುವುದು ಅದನ್ನೇ. ಈಗಿನ ಸಂಖ್ಯೆ ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಅದೇ ಇದ್ದರೆ ಕೇಬಲ್ ಚೆನ್ನಾಗಿ ಕೂತಿದೆ. ಏರುತ್ತಾ ಹೋಗುತ್ತಿದ್ದರೆ ಪರದೆಯಲ್ಲಿ 'ಓಕೆ' ಇದ್ದರೂ ನಂಬಬೇಡಿ, ಕನೆಕ್ಟರ್ ಅಲುಗಾಡುತ್ತಿದೆ.

ಹಾಗಾದರೆ ಕೆಂಪು ಟೇಪಿನ ಕೇಬಲ್ಲನ್ನು ಮಾತ್ರ ತೆಗೆಯಿರಿ. ಸ್ಟ್ಯಾಕ್ ಮೊದಲಿನ ಸರಪಳಿಗೆ ಮರಳುತ್ತದೆ, ಏನೂ ನಿಲ್ಲುವುದಿಲ್ಲ. ಪೋರ್ಟ್ ಮತ್ತೆ ನೋಡಿ, ಒರೆಸಿ, ತುದಿ ಅದಲುಬದಲು ಮಾಡಿ ಹಾಕಿ. ಎರಡನೇ ಸಲವೂ ಹಾಗೇ ಆದರೆ ಕೇಬಲ್ ಬದಲಾಯಿಸಿ. "ಹಳೆಯದೊಂದನ್ನು ತೆಗೆದು ಇಲ್ಲಿ ಹಾಕಿ ನೋಡೋಣ" ಅನ್ನಿಸುವುದು ಇದೇ ಹೊತ್ತಲ್ಲಿ. ಅದನ್ನು ಮಾತ್ರ ಮಾಡಬೇಡಿ.

ಹಂತ 7: ನಿಜವಾಗಿ ತಡೆಯುತ್ತದಾ ಪರೀಕ್ಷಿಸಿ

ಕೇಬಲ್ ಹಾಕಿ ಪರೀಕ್ಷೆ ಮಾಡದೆ ಬಂದರೆ ಮುಂದೆ ಹಳೆಯದು ಸತ್ತ ದಿನವೇ ಹೊಸದರ ಬಣ್ಣ ಗೊತ್ತಾಗುವುದು. ಪರೀಕ್ಷೆಯನ್ನು ಕೈಯಿಂದ ಕೇಬಲ್ ಕಿತ್ತು ಮಾಡಬೇಡಿ, ಕಮಾಂಡಿನಿಂದ ಮಾಡಿ: 'ಸ್ವಿಚ್ 1 ಸ್ಟ್ಯಾಕ್ ಪೋರ್ಟ್ 1 ಡಿಸೇಬಲ್'.

ಯಾಕೆ ಪೋರ್ಟ್ 1? ಅದು ಹಳೆಯ ಕೇಬಲ್ಲಿನದು. ಅದನ್ನು ಮುಚ್ಚಿದರೆ ಸ್ವಿಚ್ 1ರ ಡೇಟಾ ಎಲ್ಲ ಹೊಸ ಕೇಬಲ್ಲಿನಲ್ಲೇ ಹೋಗಬೇಕು. ಹೊಸದನ್ನೇ ಮುಚ್ಚಿ ನೋಡಿದರೆ ಹಳೆಯದು ಚೆನ್ನಾಗಿದೆ ಅಂತ ಗೊತ್ತಾಗುತ್ತದೆ ಅಷ್ಟೇ, ಅದು ಮೊದಲೇ ಗೊತ್ತಿತ್ತು ಅಲ್ವಾ.

ಕಮಾಂಡಿಗೆ ಇನ್ನೊಂದು ಅನುಕೂಲ ಇದೆ. ರಿಂಗ್ ಪೂರ್ತಿ ಇಲ್ಲದಿದ್ದರೆ ಈಗಿನ ಸ್ಥಿತಿಯಲ್ಲಿ ಈ ಪೋರ್ಟ್ ಮುಚ್ಚಲು ಬಿಡುವುದಿಲ್ಲ ಅಂತ ಸ್ವಿಚ್ಚೇ ನಿರಾಕರಿಸುತ್ತದೆ. ಕೈಯಿಂದ ಕಿತ್ತರೆ ಆ ಕಾವಲು ಇಲ್ಲ.

ಕಮಾಂಡ್ ಕೊಟ್ಟ ಮೇಲೆ 'ಶೋ ಸ್ವಿಚ್'ನಲ್ಲಿ ನಾಲ್ಕೂ 'ರೆಡಿ' ಇರಬೇಕು, ರಿಂಗ್ 'ಹಾಫ್' ಆಗಿರಬೇಕು, ಪಿಂಗ್ ಓಡುತ್ತಿರಬೇಕು. ಐದು ನಿಮಿಷ ಹಾಗೇ ಬಿಡಿ. ಆ ಐದು ನಿಮಿಷ ರ್‍ಯಾಕ್ ಹತ್ತಿರ ಯಾರನ್ನೂ ಬಿಡಬೇಡಿ, ಈಗ ಮತ್ತೆ ಸರಪಳಿಯಲ್ಲಿದ್ದೀರಿ. ಆಮೇಲೆ ಅದೇ ಕಮಾಂಡನ್ನು 'ಎನೇಬಲ್' ಹಾಕಿ ಕೊಡಿ, 'ಫುಲ್' ಬಂದದ್ದನ್ನು ಕಣ್ಣಾರೆ ನೋಡಿ. ಪರೀಕ್ಷೆ ಮಾಡಿ ಎನೇಬಲ್ ಮಾಡುವುದನ್ನೇ ಮರೆತು ಹೋದ ಸ್ಟ್ಯಾಕ್ ಒಂದನ್ನು ತಿಂಗಳುಗಳ ನಂತರ ನೋಡಿದ್ದೇನೆ. ಹೊಸ ಕೇಬಲ್ ಕೂತಿತ್ತು, ರಿಂಗ್ ಮಾತ್ರ ಹಾಫ್.

ಹಳೆಯ ಕೇಬಲ್ಲುಗಳನ್ನು ನೀಟಾಗಿ ಕಟ್ಟುವ ಆಸೆ ಇದ್ದರೆ ಈಗ ಮಾಡಬಹುದು. ಒಂದು ಸಲಕ್ಕೆ ಒಂದೇ ಕೇಬಲ್. ಅದನ್ನು ವಾಪಸ್ ಹಾಕಿ 'ಫುಲ್' ಬಂದ ಮೇಲೆಯೇ ಇನ್ನೊಂದು.

ಹಂತ 8: ಎರಡನೇ ಅಪ್‌ಲಿಂಕ್

ರಿಂಗ್ ಪೂರ್ತಿ ಆದರೂ ಹೊರಗೆ ಹೋಗುವ ದಾರಿ ಸ್ವಿಚ್ 1ರಿಂದ ಒಂದೇ ಇದ್ದರೆ ಸ್ವಿಚ್ 1 ಹೋದ ದಿನ ಉಳಿದ ಮೂರೂ ಕುರುಡು. ಎರಡನೇ ಅಪ್‌ಲಿಂಕ್ ಬೇರೆ ಸ್ವಿಚ್‌ನಿಂದ ಹೋಗಬೇಕು, ಇಲ್ಲಿ ಸ್ವಿಚ್ 4ರಿಂದ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿ, ತಾಮ್ರ ಬೇಡ. ನಮ್ಮ ಸಿಡಿಲಿಗೆ ತಾಮ್ರದ ಕೇಬಲ್ ನೇರ ದಾರಿ. ಎರಡು ಫೈಬರನ್ನೂ ಒಂದೇ ಗುಂಡಿಯಲ್ಲಿ ಹೂತರೆ ಅದು ಒಂದೇ ಕೇಬಲ್ ಇದ್ದ ಹಾಗೆ. ಜೆಸಿಬಿ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮೇಲಿನಿಂದ ಎಳೆಯುವುದಾದರೆ ಒಂದು ಸಿಲ್ವರ್ ಓಕ್ ಬಿದ್ದರೆ ಎರಡೂ ಸಿಕ್ಕಿಕೊಳ್ಳದ ಹಾಗೆ ದಾರಿ ಬೇರೆ ಮಾಡಿ. ಇಲ್ಲಿ ಖರ್ಚು ಉಳಿಸಬೇಡಿ ಅಂತ ಮಾಲೀಕರಿಗೆ ಹೇಳುವುದು ನಮ್ಮ ಕೆಲಸವೇ.

ಈಗ ಕ್ರಮ. ಪೋರ್ಟ್-ಚಾನಲ್ ಅಂದರೆ ಹಲವು ಲಿಂಕುಗಳನ್ನು ಒಂದೇ ಲಿಂಕಿನ ಹಾಗೆ ಕಟ್ಟುವುದು, ಎಲ್‌ಎಸಿಪಿ ಅಂದರೆ ಅದಕ್ಕಾಗಿ ಎರಡು ತುದಿಗಳು ಮಾತಾಡಿಕೊಳ್ಳುವ ಭಾಷೆ. ಹಳೆಯ ಲಿಂಕ್ ಆಗಲೇ ಎಲ್‌ಎಸಿಪಿ ಪೋರ್ಟ್-ಚಾನಲ್ ಒಳಗಿದ್ದರೆ ಸುಲಭ. ಹೊಸ ಪೋರ್ಟನ್ನು ಎರಡೂ ತುದಿಯಲ್ಲಿ ಶಟ್ ಮಾಡಿ, ಅಂದರೆ ಕಮಾಂಡಿನಿಂದ ಮುಚ್ಚಿ. ಹಳೆಯ ಪೋರ್ಟಿನ ಸ್ಪೀಡ್, ಟ್ರಂಕ್ (ಹಲವು ವಿಲ್ಯಾನ್, ಅಂದರೆ ಬೇರ್ಪಡಿಸಿದ ಒಳ ನೆಟ್‌ವರ್ಕ್‌ಗಳನ್ನು ಒಟ್ಟಿಗೆ ಒಯ್ಯುವ ಸೆಟ್ಟಿಂಗ್), ನೇಟಿವ್ ವಿಲ್ಯಾನ್, ಅನುಮತಿ ಇರುವ ವಿಲ್ಯಾನ್ ಪಟ್ಟಿ ಎಲ್ಲ ಹಾಗೇ ಕೊಡಿ. 'ಚಾನಲ್-ಗ್ರೂಪ್' ಅದೇ ನಂಬರಿಗೆ 'ಮೋಡ್ ಆಕ್ಟಿವ್' ಹಾಕಿ. ಫೈಬರ್ ಸೇರಿಸಿ, ಎರಡೂ ತುದಿ ಶಟ್ ತೆಗೆಯಿರಿ. 'ಶೋ ಈಥರ್‌ಚಾನಲ್ ಸಮರಿ'ಯಲ್ಲಿ ಹೊಸ ಪೋರ್ಟ್ ಮುಂದೆ ದೊಡ್ಡ ಪಿ ಬಂದರೆ ಸೇರಿದೆ. ಚಿಕ್ಕ ಎಸ್ ಬಂದರೆ ಸೆಟ್ಟಿಂಗ್ ಎಲ್ಲೋ ಹೊಂದಿಲ್ಲ, ಇಲ್ಲವೇ ಎದುರಿನ ತುದಿಯಿಂದ ಎಲ್‌ಎಸಿಪಿ ಬರುತ್ತಿಲ್ಲ. ದೊಡ್ಡ ಐ ಬಂದರೂ ಎದುರಿನ ತುದಿ ಎಲ್‌ಎಸಿಪಿ ಮಾತಾಡುತ್ತಿಲ್ಲ.

ಹಳೆಯ ಲಿಂಕ್ ಒಂಟಿ ಟ್ರಂಕ್ ಆಗಿದ್ದರೆ ಎಚ್ಚರ ಬೇಕು. ಅದನ್ನು ನೇರವಾಗಿ ಚಾನಲ್‌ಗೆ ಹಾಕಲು ಹೋಗಬೇಡಿ, ಲಿಂಕ್ ಬೀಳುತ್ತದೆ. ಮೊದಲು ಹೊಸ ಪೋರ್ಟ್ ಒಂದರಿಂದಲೇ ಎರಡೂ ತುದಿಯಲ್ಲಿ ಪೋರ್ಟ್-ಚಾನಲ್ ಕಟ್ಟಿ, ಏಳಿಸಿ. ಆಗ ಎರಡು ದಾರಿ ಆಗುತ್ತವೆ, ಲೂಪ್ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಒಂದನ್ನು ತಡೆದಿಡುತ್ತದೆ. ಯಾವುದನ್ನು ಅಂತ 'ಶೋ ಸ್ಪ್ಯಾನಿಂಗ್-ಟ್ರೀ'ಯಲ್ಲಿ ನೋಡಿ. ಸಾಮಾನ್ಯವಾಗಿ ಎರಡೂ ಒಂದೇ ವೇಗದವಾದರೆ ಹೊಸ ಚಾನಲ್ ತಡೆಯಲ್ಲಿರುತ್ತದೆ. ಆಮೇಲೆ ಹಳೆಯ ಪೋರ್ಟ್ ಶಟ್ ಮಾಡಿ, ಡೇಟಾ ಚಾನಲ್‌ಗೆ ಹಾಯುತ್ತದೆ. ಪಿಂಗ್ ನೋಡಿ. ನಂತರ ಶಟ್ ಇರುವ ಹಳೆಯ ಪೋರ್ಟನ್ನು ಎರಡೂ ತುದಿಯಲ್ಲಿ ಅದೇ ಚಾನಲ್‌ಗೆ ಸೇರಿಸಿ, ತೆರೆಯಿರಿ.

ಈ ದಾರಿ ಬದಲಿಸುವ ಕ್ಷಣ ಎಷ್ಟು ಉದ್ದ ಅನ್ನುವುದು ಸ್ಪ್ಯಾನಿಂಗ್ ಟ್ರೀ ಮೋಡ್ ಮೇಲೆ ನಿಂತಿದೆ. ಮೊದಲೇ 'ಶೋ ಸ್ಪ್ಯಾನಿಂಗ್-ಟ್ರೀ ಸಮರಿ'ಯಲ್ಲಿ ನೋಡಿಕೊಳ್ಳಿ. ರ್‍ಯಾಪಿಡ್ ಇದ್ದರೆ ಒಂದೆರಡು ಪಿಂಗ್ ಹೋದರೆ ಹೆಚ್ಚು. ಹಳೆಯ ಮೋಡ್ ಇದ್ದರೆ 15 ಸೆಕೆಂಡ್ ಕೇಳಿಸಿಕೊಳ್ಳುವುದು, 15 ಸೆಕೆಂಡ್ ಕಲಿಯುವುದು, ಒಟ್ಟು ಅರ್ಧ ನಿಮಿಷ ನಿಲ್ಲುತ್ತದೆ. ಅದು ನಿಲ್ಲದೆ ಮಾಡಿದ ಕೆಲಸ ಅನ್ನಿಸಿಕೊಳ್ಳುವುದಿಲ್ಲ. ಹಾಗಿದ್ದರೆ ಈ ಭಾಗವನ್ನು ರಾತ್ರಿಗೆ ಬಿಡಿ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ನೋಡುತ್ತೇನೆ. 'ಮೋಡ್ ಆನ್' ಹಾಕುವುದು ಒಂದು. ಎದುರಿನ ತುದಿ ಒಪ್ಪಿದೆಯಾ ಅಂತ ಅದು ಕೇಳುವುದೇ ಇಲ್ಲ, ಒಂದು ಕಡೆ ಮಾತ್ರ ಆದರೆ ಲೂಪ್ ಆಗಬಹುದು. ಕಂಪ್ಯೂಟರ್ ಸೇರಿಸುವ ಪೋರ್ಟುಗಳಿಗೆ ಹಾಕುವ ಪೋರ್ಟ್‌ಫಾಸ್ಟ್, ಬಿಪಿಡಿಯು ಗಾರ್ಡ್ ಸೆಟ್ಟಿಂಗ್‌ಗಳನ್ನು ಅಪ್‌ಲಿಂಕ್ ಪೋರ್ಟಿನಲ್ಲಿ ಹಾಗೇ ಬಿಟ್ಟಿರುವುದು ಇನ್ನೊಂದು. ಪೋರ್ಟ್ ತೆರೆದ ಕೂಡಲೇ 'ಎರ್-ಡಿಸೇಬಲ್' ಆಗಿ ಮುಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು: ಒಂದು ವಿಲ್ಯಾನ್ ಸೇರಿಸುವಾಗ 'ಅಲೋಡ್ ವಿಲ್ಯಾನ್' ನಂತರ 'ಆಡ್' ಮರೆಯುವುದು. ಆಗ ಪಟ್ಟಿಗೆ ಒಂದು ಸೇರುವುದಿಲ್ಲ, ಪಟ್ಟಿಯೇ ಹೋಗಿ ಆ ಒಂದು ಮಾತ್ರ ಉಳಿಯುತ್ತದೆ. ಕ್ಯಾಮೆರಾ, ವೇಬ್ರಿಜ್, ಆಫೀಸು ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಎಂಟರ್ ಒತ್ತುವ ಮೊದಲು ಆ ಸಾಲನ್ನು ಜೋರಾಗಿ ಓದಿ.

ದೂರದಿಂದ ಲಾಗಿನ್ ಆಗಿ ಮಾಡುವವರು 'ರೀಲೋಡ್ ಇನ್ 10' ಹಾಕಿಟ್ಟುಕೊಳ್ಳುವುದುಂಟು, ಸಿಕ್ಕಿಹಾಕಿಕೊಂಡರೆ ಸ್ವಿಚ್ ತಾನೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರಲಿ ಅಂತ. ಓಡುವ ಜಾಗದಲ್ಲಿ ನನಗೆ ಇದು ಇಷ್ಟವಿಲ್ಲ. ಕ್ಯಾನ್ಸಲ್ ಮಾಡಲು ಮರೆತರೆ ಇಡೀ ಸ್ಟ್ಯಾಕ್ ಹೋಗುತ್ತದೆ. ಗಾಡಿ ಹತ್ತಿ ಹೋಗಿ ಕನ್ಸೋಲ್ ಮುಂದೆ ಕೂತು ಮಾಡಿ.

ಹಂತ 9: ಕರೆಂಟು

ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಬೇರೆ ಬೇರೆ ಯುಪಿಎಸ್‌ಗೆ ಹಾಕಿ. ನಾಲ್ಕೂ ಸ್ವಿಚ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದರೆ ಈ ಕೇಬಲ್ ಕೆಲಸಕ್ಕೆ ಅರ್ಥವಿಲ್ಲ. ಪವರ್ ಕೇಬಲ್ ಬದಲಾಯಿಸುವುದು ರಿಂಗ್ 'ಫುಲ್' ಆದ ಮೇಲೆ, ಒಂದು ಸಲಕ್ಕೆ ಒಂದು. ಆಕ್ಟಿವ್ ಇರುವ ಸ್ವಿಚ್ಚನ್ನು ಕೊನೆಗೆ ಮಾಡಿ.

ಹಂತ 10: ಲೇಬಲ್ ಅಂಟಿಸಿ, ಬರೆದಿಡಿ

ಹೊಸ ಕೇಬಲ್ಲಿನ ಎರಡೂ ತುದಿಗೆ ಎಲ್ಲಿಂದ ಎಲ್ಲಿಗೆ ಅಂತ ಲೇಬಲ್ ಹಾಕಿ: '4ರ ಪೋರ್ಟ್ 1ರಿಂದ 1ರ ಪೋರ್ಟ್ 2ಕ್ಕೆ'. ಹಳೆಯ ಮೂರಕ್ಕೂ ಹಾಕಿ. ಪೆನ್ನಿನಲ್ಲಿ ಬರೆದ ಅಕ್ಷರ ನಮ್ಮ ತೇವಕ್ಕೆ ಒಂದೇ ಮಳೆಗಾಲದಲ್ಲಿ ಹರಡಿಹೋಗುತ್ತದೆ, ಮೇಲೆ ಪಾರದರ್ಶಕ ಟೇಪ್ ಸುತ್ತಿ. ರನ್ನಿಂಗ್ ಕಾನ್ಫಿಗ್ ಸೇವ್ ಮಾಡಿ.

ಹಂತ 2ರ ಚೌಕದ ಚಿತ್ರಕ್ಕೆ ಹೊಸ ಗೆರೆಗಳನ್ನು ಸೇರಿಸಿ, ಕೆಳಗೆ ತಾರೀಖು ಮತ್ತು ಸ್ಟ್ಯಾಕ್ ಪೋರ್ಟ್ ಬದಲಾವಣೆಯ ಸಂಖ್ಯೆಗಳನ್ನು ಬರೆದು ರ್‍ಯಾಕ್ ಬಾಗಿಲ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಅಂಟಿಸಿ. ಮರುದಿನ ಬೆಳಿಗ್ಗೆ ಒಂದು ಸಲ, ವಾರ ಬಿಟ್ಟು ಒಂದು ಸಲ ಆ ಸಂಖ್ಯೆಗಳನ್ನು ಹೋಲಿಸಿ. ಆಮೇಲೆ ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಮೇ ಕೊನೆಯಲ್ಲಿ ಮತ್ತು ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ 'ಫುಲ್' ಇದೆಯಾ ಅಂತ ನೋಡಿ, ಅದೇ ಕಾಗದದ ಮೇಲೆ ತಾರೀಖು ಹಾಕಿ.